ದಣಿದು ಬಂದವನ ನಮಾಝ್

ಅಡಿಕೆ ಸುಗ್ಗಿ ಶುರುವಾಯಿತೆಂದರೆ ಅಂಬ್ಲಿಗೊಳದ ಸುತ್ತಮುತ್ತ, ಶಿಕಾರಿಪುರ, ಸೊರಬದ ಕಡೆ ಹಗಲು ತೋಟದಲ್ಲಿ ದುಡಿದವರು ರಾತ್ರಿ ಅಡಿಕೆ ಸುಲಿಯಲು ಕೂರುತ್ತಾರೆ. ಭತ್ತ, ಮೆಕ್ಕೆಜೋಳದ ಕೆಲಸ ಬೇರೆ. ಕರೆಂಟ್ ರಾತ್ರಿ ಬಂದರೆ ಮೋಟಾರ್ ಹಾಕಲು ರಾತ್ರಿಯೇ ಎದ್ದು ಹೋಗಬೇಕು. ಇಂಥ ದಿನಗಳಲ್ಲಿ ಇಶಾದ ಅಝಾನ್ ಕೇಳಿದಾಗ ಮನಸ್ಸು ಹೇಳುವುದೇನು? "ಈ ಸುಸ್ತಿನಲ್ಲಿ ಮಾಡಿದ್ದು ನಮಾಝ್ ಆಗುತ್ತದೆಯೇ? ಸುಗ್ಗಿ ಮುಗಿಯಲಿ, ಆಮೇಲೆ ಸರಿಯಾಗಿ ಮಾಡಿದರಾಯಿತು." ಇದು ಸೋಮಾರಿತನಕ್ಕಿಂತ ಅಪಾಯಕಾರಿ ಯೋಚನೆ. ನಮಾಝಿನ ಗೌರವದ ಹೆಸರಿನಲ್ಲೇ ಅದು ನಮ್ಮನ್ನು ನಮಾಝಿನಿಂದ ದೂರ ಮಾಡುತ್ತದೆ.

ಪ್ರವಾದಿ(ಸ)ರ ಕಾಲದಲ್ಲೂ ಹೀಗೆ ದಣಿದು ಬಂದವರೊಬ್ಬರಿದ್ದರು. ಮದೀನಾದ ಒಬ್ಬ ಅನ್ಸಾರಿ. ಒಂಟೆಗಳಿಂದ ನೀರೆತ್ತಿ ಹೊಲ ತೋಟಗಳಿಗೆ ಹಾಯಿಸುವುದು ಅವರ ದುಡಿಮೆ. ಕತ್ತಲಾದ ಮೇಲೆ ಕೆಲಸ ಮುಗಿಸಿ ಬಂದು ಹಝ್ರತ್ ಮುಆದ್ ಬಿನ್ ಜಬಲ್(ರ)ರ ಹಿಂದೆ ನಮಾಝಿಗೆ ನಿಂತರು. ಮುಆದ್(ರ) ಅಲ್ ಬಕರದಂತಹ ದೀರ್ಘ ಸೂರಾ ಓದತೊಡಗಿದರು. ಆ ಮನುಷ್ಯನಿಗೆ ನಿಲ್ಲಲಾಗಲಿಲ್ಲ. ಜಮಾಅತ್ ಬಿಟ್ಟು, ಪ್ರತ್ಯೇಕವಾಗಿ ನಮಾಝ್ ಮಾಡಿ ಹೊರಟುಹೋದರು. ವಿಷಯ ತಿಳಿದ ಮುಆದ್(ರ) ಅವರನ್ನು ಕಪಟಿ ಎಂದುಬಿಟ್ಟರು. ನೊಂದ ಆ ಮನುಷ್ಯ ನೇರವಾಗಿ ಪ್ರವಾದಿ(ಸ)ರ ಬಳಿ ಹೋಗಿ, ನಾವು ಕೈಯಾರೆ ದುಡಿಯುವವರು, ನೀರು ಹಾಯಿಸುವವರು ಎಂದು ಹೇಳಿಕೊಂಡರು.

ಪ್ರವಾದಿ(ಸ) ಗದರಿದ್ದು ಯಾರನ್ನು? ಆ ಕೂಲಿಗಾರನನ್ನಲ್ಲ, ಇಮಾಮರನ್ನು. ಜನರನ್ನು ಪರೀಕ್ಷೆಗೆ ಒಡ್ಡುತ್ತಿದ್ದೀಯಾ ಎಂದು ಮೂರು ಸಲ ಕೇಳಿದರು. ಅಶ್ಶಮ್ಸ್, ಅಲ್ಲೈಲ್‌ನಂತಹ ಸಣ್ಣ ಸೂರಾ ಓದಲು ಹೇಳಿದರು. ನಿನ್ನ ಹಿಂದೆ ಮುದುಕರು, ಬಲಹೀನರು, ಕೆಲಸವಿರುವವರು ನಿಂತಿರುತ್ತಾರೆ ಎಂದು ನೆನಪಿಸಿದರು. ನಮ್ಮ ಇಮಾಮರೂ ಮಸ್ಜಿದ್ ಕಮಿಟಿಯವರೂ ಸುಗ್ಗಿಯ ದಿನಗಳಲ್ಲಿ ಇದನ್ನು ನೆನೆದರೆ ಒಳ್ಳೆಯದು.

ಇಲ್ಲಿ ಒಂದನ್ನು ಗಮನಿಸಬೇಕು. ಆ ಅನ್ಸಾರಿ ಜಮಾಅತ್ ಬಿಟ್ಟರು, ನಮಾಝ್ ಬಿಡಲಿಲ್ಲ. ಮಸ್ಜಿದಿನಲ್ಲಿ ಹಝ್ರತ್ ಝೈನಬ್(ರ) ಒಂದು ಹಗ್ಗ ಕಟ್ಟಿಸಿದ್ದರು, ರಾತ್ರಿ ನಮಾಝಿನಲ್ಲಿ ದಣಿದಾಗ ಹಿಡಿದುಕೊಳ್ಳಲು. ಪ್ರವಾದಿ(ಸ) ಅದನ್ನು ಬಿಚ್ಚಿಸಿದರು, ಉತ್ಸಾಹ ಇರುವಷ್ಟು ನಮಾಝ್ ಮಾಡಿ, ದಣಿದರೆ ಕುಳಿತುಕೊಳ್ಳಿ ಎಂದರು. ಈ ರಿಯಾಯಿತಿ ನಫಿಲ್‌ಗೆ. ಫರ್ಝ್‌ಗೆ ಸಮಯವಿದೆ, ಅದನ್ನು ದಾಟಿಸುವಂತಿಲ್ಲ. ಆದರೆ ಇಶಾದ ಫರ್ಝ್ ಎಂದರೆ ನಾಲ್ಕು ರಕಅತ್. ಸಣ್ಣ ಸೂರಾಗಳಲ್ಲಿ ವಿತ್ರ್ ಸೇರಿಸಿಕೊಂಡರೂ ಎಷ್ಟು ಹೊತ್ತು? ಮೈಚಾಚಿದ ಮೇಲೆ ಏಳುವುದು ಕಷ್ಟ. ಇಶಾಗೆ ಮುಂಚೆ ಮಲಗುವುದನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಆದ್ದರಿಂದ ಕೈಕಾಲು ತೊಳೆಯುವಾಗಲೇ ವುಝೂ ಮಾಡಿ, ಊಟಕ್ಕೆ ಅವಸರವಿಲ್ಲದಿದ್ದರೆ ಮುಗಿಸಿಬಿಡಿ. ಹಸಿವಿದ್ದು ಊಟ ಮುಂದಿದ್ದರೆ ಮೊದಲು ಊಟ, ಇದೂ ಅವರೇ ಕಲಿಸಿದ್ದು.

ನಮಾಝಿನ ಹೊತ್ತಾದಾಗ ಪ್ರವಾದಿ(ಸ) ಬಿಲಾಲ್(ರ)ರಿಗೆ, ಅದರ ಮೂಲಕ ನಮಗೆ ವಿಶ್ರಾಂತಿ ಕೊಡು ಎನ್ನುತ್ತಿದ್ದರು. ದಿನವಿಡೀ ಮೇಸ್ತ್ರಿಯ ಮಾತು, ಸಾಲದವರ ಫೋನು ಕೇಳಿದ ಕಿವಿಗೆ ಆ ನಾಲ್ಕು ರಕಅತ್‌ನಲ್ಲಿ ಯಾರೂ ಕೆಲಸ ಹೇಳುವುದಿಲ್ಲ. ಸಜ್ದಾದಲ್ಲಿ ನಮ್ಮ ಭಾಷೆಯಲ್ಲೇ ಮನಸ್ಸಿನೊಳಗೆ ಅಳಲು ತೋಡಿಕೊಳ್ಳಬಹುದು.

ಕೆಲಸ ಕೊಡುವವರಿಗೂ ಒಂದು ಮಾತು. ಕೈಕೆಳಗಿನವರ ಮೇಲೆ ತಾಳಲಾಗದ ಹೊರೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿ(ಸ)ರ ಆದೇಶ. ಅಸರ್‌ಗೆ ಹತ್ತು ನಿಮಿಷ ಬಿಡದೆ ದುಡಿಸಿ, ನಂತರ ಆಳುಗಳಿಗೆ ದೀನ್ ಇಲ್ಲ ಎನ್ನುವುದು ನ್ಯಾಯವಲ್ಲ.

ಮನೆಯ ಹೆಂಗಸರ ದಣಿವು ಲೆಕ್ಕಕ್ಕೇ ಬರುವುದಿಲ್ಲ. ಬೀಸುಕಲ್ಲು ತಿರುಗಿಸಿ ಹಝ್ರತ್ ಫಾತಿಮಾ(ರ)ರ ಕೈಗಳು ನೋಯುತ್ತಿದ್ದವು. ಒಬ್ಬ ಸೇವಕರನ್ನು ಕೇಳಲು ತಂದೆಯ ಮನೆಗೆ ಹೋದರು, ಅವರು ಸಿಗಲಿಲ್ಲ. ಆಯಿಶಾ(ರ)ರಲ್ಲಿ ಹೇಳಿ ಹಿಂತಿರುಗಿದರು. ಆ ರಾತ್ರಿ ಮಗಳು, ಅಳಿಯ ಮಲಗಿದ ಮೇಲೆ ಪ್ರವಾದಿ(ಸ) ತಾವೇ ಬಂದು ಪಕ್ಕದಲ್ಲಿ ಕುಳಿತರು. ಸೇವಕರಿಗಿಂತ ಉತ್ತಮವಾದುದನ್ನು ಹೇಳಿಕೊಡುತ್ತೇನೆ ಎಂದು, ಮಲಗುವಾಗ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ಅಂದಿನಿಂದ ಅದನ್ನು ಬಿಟ್ಟಿಲ್ಲ ಎಂದು ಹಝ್ರತ್ ಅಲಿ(ರ) ಮುಂದೆ ಹೇಳುತ್ತಿದ್ದರು. ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವೇ ಎಂದು ಕೇಳಿದಾಗ, ಹೌದು, ಆ ರಾತ್ರಿಯೂ ಎಂದರು.