ಆರಿಸಿದವರೋ? ಬೆಳೆಸಿದವರೋ?

ಅಮೆರಿಕದಲ್ಲಿ ಹೈಸ್ಕೂಲಿನ ಹುಡುಗನೊಬ್ಬನು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಗಟ್ಟಿಗನೆಂದು ಸುದ್ದಿ ಹಬ್ಬಿದರೆ ಸಾಕು, ಅವನ ಮನೆಗೆ ಹೆಣ್ಣು ನೋಡುವ ಮನೆಯ ಸಡಗರವೆಲ್ಲ ಬಂದುಬಿಡುತ್ತದೆ. ಟಪಾಲಿನವನು ಕಟ್ಟುಗಟ್ಟಲೆ ಕಾಗದಗಳನ್ನು ತರುತ್ತಾನೆ. ಸಾವಿರ ಮೈಲಿ ದೂರದ ಕಾಲೇಜುಗಳಿಂದ ಗಣ್ಯರು ಬಂದು ಹಜಾರದಲ್ಲಿ ಕುಳಿತು, ತಾಯಿ ಕೊಟ್ಟ ಕಾಫಿಯನ್ನು ಹೊಗಳುತ್ತಾರೆ. ಓದಿನ ಖರ್ಚು, ಊಟ, ವಸತಿ ಎಲ್ಲವೂ ಕಾಲೇಜಿನದೇ ಎಂದು ಹೇಳುತ್ತಾರೆ. ಹೀಗೆ ಹುಡುಗರನ್ನು ಹುಡುಕಿ ಕರೆತರುವುದು ಅಲ್ಲಿ ದೊಡ್ಡದೊಂದು ವಿದ್ಯೆಯೇ ಆಗಿದೆ.

ಆದರೆ ವಿವೇಕಿಗಳಾದ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಕೈಗೆ ಒಪ್ಪಿಸಿದರೆ ನಮ್ಮ ಹುಡುಗ ಏನಾಗುತ್ತಾನೆ?" ಇದಕ್ಕೆ ಕೋಚ್ ಕೊಡಬಲ್ಲ ಉತ್ತರವೂ ಒಂದೇ. ಹಿಂದೆ ತನ್ನ ಕೈಯಲ್ಲಿ ಪಳಗಿ ಹೆಸರು ಮಾಡಿದವರ ಪಟ್ಟಿಯನ್ನು ಅವನು ಬಿಚ್ಚುತ್ತಾನೆ. "ಇವರಲ್ಲಿಗೆ ಹೋದ ಹುಡುಗ ಬೆಳೆಯುತ್ತಾನೆ" ಎಂಬ ಕೀರ್ತಿಯೇ ಕೋಚಿನ ಮೂಲಧನ.

ಈ ಮೂಲಧನದಲ್ಲಿ ಒಂದು ತೊಡಕೂ ಉಂಟು. ಕೀರ್ತಿಯುಳ್ಳವನಲ್ಲಿಗೆ ಉತ್ತಮರೇ ಬರುತ್ತಾರೆ. ಉತ್ತಮರು ಬಂದುದರಿಂದ ಅವನ ಕೀರ್ತಿ ಇಮ್ಮಡಿಸುತ್ತದೆ. ಹೀಗಿರಲು ಒಡವೆಯ ಹೊಳಪಿಗೆ ಅಕ್ಕಸಾಲಿಗನನ್ನು ಹೊಗಳಬೇಕೋ, ಚಿನ್ನ ಕೊಟ್ಟ ಗಣಿಯನ್ನೋ? ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಜಾನ್ ವುಡನ್ ಅವರಿಗಿಂತ ಉತ್ತಮ ಉದಾಹರಣೆ ದೊರೆಯುವುದು ದುರ್ಲಭ.

ಇಂಗ್ಲಿಷ್ ಮೇಷ್ಟ್ರು

ವುಡನ್ ಅವರು 1910ರಲ್ಲಿ ಇಂಡಿಯಾನಾ ಸಂಸ್ಥಾನದ ಒಕ್ಕಲು ಮನೆತನದಲ್ಲಿ ಹುಟ್ಟಿದರು. ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾಗ ಸ್ವತಃ ದೇಶಪ್ರಸಿದ್ಧ ಆಟಗಾರರಾಗಿದ್ದರು. ಅನಂತರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿ, ಆಟದ ಶಿಕ್ಷಕರಾಗಿ ವರ್ಷಗಟ್ಟಲೆ ದುಡಿದರು. ಕೊನೆಯವರೆಗೂ ಅವರು ತಮ್ಮನ್ನು ಕೋಚ್ ಎನ್ನುವುದಕ್ಕಿಂತ ಮೇಷ್ಟ್ರು ಎಂದುಕೊಳ್ಳುವುದನ್ನೇ ಮೆಚ್ಚುತ್ತಿದ್ದರು. 1948ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ, ಎಂದರೆ ಎಲ್ಲರೂ ಯು.ಸಿ.ಎಲ್.ಎ. ಎಂದು ಕರೆಯುವ ಸಂಸ್ಥೆಗೆ, ಬಂದರು.

ಅಲ್ಲಿ ಅವರಿಗೆ ದೊರೆತದ್ದು ಹಳೆಯದೊಂದು ವ್ಯಾಯಾಮಶಾಲೆ. ಗಾಳಿ ಸಾಲದು, ಒಂದು ಮೂಲೆಯಲ್ಲಿ ಕುಸ್ತಿ, ಇನ್ನೊಂದು ಮೂಲೆಯಲ್ಲಿ ಲಾಗ ಹಾಕುವವರ ಅಭ್ಯಾಸ. ಧೂಳಿನಿಂದ ನೆಲ ಜಾರುತ್ತಿದ್ದುದರಿಂದ ಕೋಚ್ ಸಾಹೇಬರೇ ಅಭ್ಯಾಸಕ್ಕೆ ಮುನ್ನ ನಿಂತು ನೆಲವನ್ನು ಗುಡಿಸಿ ಒರೆಸುತ್ತಿದ್ದರು. ರಾಷ್ಟ್ರೀಯ ಪ್ರಶಸ್ತಿ ಮೊದಲ ಬಾರಿಗೆ ಒಲಿದದ್ದು 1964ರಲ್ಲಿ, ಅವರ ಹದಿನಾರನೆಯ ಋತುವಿನಲ್ಲಿ! ಆ ವರ್ಷದ ತಂಡದಲ್ಲಿ ಮೊದಲಿಗೆ ಕಣಕ್ಕಿಳಿಯುತ್ತಿದ್ದ ಐವರಲ್ಲಿ ಒಬ್ಬನೂ ಆರು ಅಡಿ ಐದು ಅಂಗುಲಕ್ಕಿಂತ ಎತ್ತರವಿರಲಿಲ್ಲ. ಈ ಆಟದಲ್ಲಿ ಅದು ಕುಳ್ಳರ ತಂಡವೇ ಸರಿ. ಆದರೂ ಆಡಿದ ಮೂವತ್ತು ಪಂದ್ಯಗಳನ್ನೂ ಅದು ಗೆದ್ದಿತು. 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ಪ್ರಶಸ್ತಿಗಳು ವುಡನ್ ಅವರ ಪಾಲಾದವು.

ಮೊದಲ ಗೆಲುವಿನ ಸುದ್ದಿ ದೇಶದ ಇನ್ನೊಂದು ಅಂಚಿನ ನ್ಯೂಯಾರ್ಕ್ ನಗರವನ್ನು ಮುಟ್ಟಿತು. ಅಲ್ಲಿ ಲ್ಯೂ ಆಲ್ಸಿಂಡರ್ ಎಂಬ ನೀಗ್ರೋ ಬಾಲಕನಿದ್ದನು. ಏಳು ಅಡಿಯನ್ನು ಮೀರಿದ ಎತ್ತರ. ಅವನ ಶಾಲೆ ಸತತವಾಗಿ 71 ಪಂದ್ಯಗಳನ್ನು ಗೆದ್ದಿತ್ತು. ದೇಶದ ಯಾವ ಕಾಲೇಜು ತಾನೇ ಅವನನ್ನು ಬೇಡವೆಂದೀತು? ಆದರೆ ಕರಿಯ ಹುಡುಗನಿಗೆ ಆಟದ ಏಳಿಗೆಯೊಂದೇ ಲೆಕ್ಕವಲ್ಲ. ಅಲ್ಲಿ ತನ್ನನ್ನು ಮನುಷ್ಯನಂತೆ ಕಾಣುವರೇ ಎಂಬುದೂ ಲೆಕ್ಕವೇ. ಯು.ಸಿ.ಎಲ್.ಎ.ಯ ಹಳೆಯ ವಿದ್ಯಾರ್ಥಿಗಳಿಬ್ಬರು ಅವನಿಗೆ ಕಾಗದ ಬರೆದರು. ಒಬ್ಬರು 1950ರ ನೋಬೆಲ್ ಶಾಂತಿ ಪಾರಿತೋಷಕ ಪಡೆದ ರಾಲ್ಫ್ ಬಂಚ್. ಮತ್ತೊಬ್ಬರು ಬೇಸ್‌ಬಾಲ್ ಕ್ರೀಡೆಯಲ್ಲಿ ವರ್ಣಭೇದದ ಗೋಡೆಯನ್ನು 1947ರಲ್ಲಿ ಒಡೆದ ಜಾಕಿ ರಾಬಿನ್‌ಸನ್. ವುಡನ್ ಅವರ ಹಿಂದಿನ ನಡತೆಯೂ ಇದಕ್ಕೆ ಒಪ್ಪುವಂತೆಯೇ ಇತ್ತು. ಅದೇ 1947ರಲ್ಲಿ ಅವರು ಇಂಡಿಯಾನಾದ ಕಾಲೇಜೊಂದರಲ್ಲಿದ್ದಾಗ ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂದಿತ್ತು. ತಂಡದಲ್ಲಿದ್ದ ಕ್ಲಾರೆನ್ಸ್ ವಾಕರ್ ಎಂಬ ನೀಗ್ರೋ ಆಟಗಾರನಿಗೆ ಮಾತ್ರ ಪ್ರವೇಶವಿಲ್ಲವೆಂದು ತಿಳಿದಾಗ ಅವರು ಆಹ್ವಾನವನ್ನೇ ನಿರಾಕರಿಸಿದರು. ಮರುವರ್ಷ ಆ ನಿಯಮ ಸಡಿಲವಾಯಿತು, ವಾಕರ್ ಆಡಿದನು.

1965ರಲ್ಲಿ ಆಲ್ಸಿಂಡರ್ ಲಾಸ್ ಏಂಜಲೀಸಿಗೆ ಬಂದನು. ಆ ಕಾಲದ ನಿಯಮದಂತೆ ಮೊದಲ ವರ್ಷದವರು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಹೊಸ ಕ್ರೀಡಾಮಂದಿರದ ಪ್ರಾರಂಭದ ಸಮಯದಲ್ಲಿ ಈ ಹೊಸಬರ ತಂಡಕ್ಕೂ, ಎರಡು ವರ್ಷ ರಾಷ್ಟ್ರಪ್ರಶಸ್ತಿ ಗೆದ್ದಿದ್ದ ಮುಖ್ಯ ತಂಡಕ್ಕೂ ಪಂದ್ಯವಾಯಿತು. ಹೊಸಬರು 75–60ರಿಂದ ಗೆದ್ದರು! ಆಲ್ಸಿಂಡರನದೇ 31 ಅಂಕ. ಮುಂದೆ ಅವನಾಡಿದ ಮೂರು ವರ್ಷಗಳಲ್ಲಿ ತಂಡ ಸೋತದ್ದು ಎರಡೇ ಪಂದ್ಯ. 1971ರಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರು ಬದಲಾಯಿಸಿಕೊಂಡ ಅವರು ವೃತ್ತಿಪರ ಪಂದ್ಯಗಳಲ್ಲಿ ಗಳಿಸಿದ 38,387 ಅಂಕಗಳ ದಾಖಲೆ 2023ರವರೆಗೂ ಅಳಿಯಲಿಲ್ಲ.

ಸಂದೇಹಿಗಳು ಇಲ್ಲಿಯೇ ನಗುತ್ತಾರೆ. ಇಂಥವನನ್ನು ಪಡೆದ ಮೇಲೆ ಗೆಲ್ಲುವುದು ಯಾವ ಮಹಾವಿದ್ಯೆ? ಮಾತು ಪೂರ್ತಿ ಸುಳ್ಳಲ್ಲ. ಆದುದರಿಂದಲೇ ಅಂಗಳದಲ್ಲಿ ಮಿಂಚಿದವನನ್ನು ಬಿಟ್ಟು, ಅಂಗಳದ ಅಂಚಿನ ಬೆಂಚಿನಲ್ಲಿ ಕುಳಿತಿದ್ದವನನ್ನು ನೋಡಬೇಕು.

ಬೆಂಚಿನ ಮೇಲಿನ ದೈತ್ಯ

ಸ್ವೆನ್ ನೇಟರ್ ಹಾಲೆಂಡಿನಲ್ಲಿ ಹುಟ್ಟಿದವನು. ತಾಯಿ ಅಮೆರಿಕಕ್ಕೆ ಹೋದ ಮೇಲೆ ಬಾಲ್ಯದ ಕೆಲವು ವರ್ಷಗಳನ್ನು ಅಕ್ಕತಂಗಿಯರ ಪೈಕಿ ಒಬ್ಬಳೊಡನೆ ಅನಾಥಾಲಯದಲ್ಲಿ ಕಳೆದನು. ಅಮೆರಿಕಕ್ಕೆ ಬಂದು ಸೇರಿದಾಗ ವಯಸ್ಸು ಒಂಬತ್ತು. ಹೈಸ್ಕೂಲಿನ ತಂಡದಲ್ಲಿ ಅವನು ಆಡಿದವನೇ ಅಲ್ಲ. ಸಣ್ಣದೊಂದು ಕಾಲೇಜಿನಲ್ಲಿ ಆಟ ಕಲಿತು, 1971ರಲ್ಲಿ ವುಡನ್ ಅವರ ಬಳಿಗೆ ಬಂದನು. ಆ ಹೊತ್ತಿಗೆ ಅವನು ಆಡುವ ಸ್ಥಾನದಲ್ಲಿ ಬಿಲ್ ವಾಲ್ಟನ್ ಎಂಬ ಅಸಾಧಾರಣ ಪ್ರತಿಭಾವಂತನಿದ್ದನು. ವುಡನ್ ಬಣ್ಣದ ಮಾತು ಆಡಲಿಲ್ಲ. ಪಂದ್ಯದಲ್ಲಿ ಆಡುವ ಅವಕಾಶ ಸಿಗುವುದು ಅಪರೂಪ. ಆದರೆ ದಿನವೂ ಅಭ್ಯಾಸದಲ್ಲಿ ದೇಶದ ಅತ್ಯುತ್ತಮನೊಡನೆ ಸೆಣಸಬಹುದು ಎಂದು ಮೊದಲೇ ತಿಳಿಸಿದರು. ನೇಟರ್ ಒಪ್ಪಿದನು. ಎರಡು ವರ್ಷಗಳಲ್ಲಿ ಒಂದು ಪಂದ್ಯದಲ್ಲಿಯೂ ಆರಂಭದ ಐವರಲ್ಲಿ ಅವನಿರಲಿಲ್ಲ. ಆದರೂ 1973ರಲ್ಲಿ ವೃತ್ತಿಪರ ತಂಡದವರು ಅವನನ್ನು ಮೊದಲ ಸುತ್ತಿನಲ್ಲಿಯೇ ಆರಿಸಿಕೊಂಡರು. ಮರುವರ್ಷ ಅವನು ತನ್ನ ಲೀಗಿನ ಅತ್ಯುತ್ತಮ ಹೊಸ ಆಟಗಾರ!

ಈ ಬೆಳವಣಿಗೆ ಹೇಗೆ ನಡೆಯಿತು? ವುಡನ್ ಅವರ ಮೊದಲ ಪಾಠ ಕಾಲುಚೀಲ ಹಾಕುವುದು. ಹೌದು, ದೇಶದ ಶ್ರೇಷ್ಠ ಆಟಗಾರರನ್ನು ಕೂಡಿಸಿ, ಕಾಲುಚೀಲದಲ್ಲಿ ಒಂದು ನೆರಿಗೆಯೂ ಉಳಿಯದಂತೆ ಎಳೆದುಕೊಳ್ಳುವುದನ್ನು ತೋರಿಸುತ್ತಿದ್ದರು. ನೆರಿಗೆಯಿದ್ದರೆ ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ. 1974–75ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸದ ವೇಳೆಯಲ್ಲಿ ಕುಳಿತು, ಅವರ ಬೋಧನೆಯ ಒಂದೊಂದು ಮಾತನ್ನೂ ಗುರುತುಹಾಕಿಕೊಂಡರು. ಒಟ್ಟು 2,326. ಅವುಗಳಲ್ಲಿ ಹೊಗಳಿಕೆ ನೂರಕ್ಕೆ ಏಳನ್ನು ಮುಟ್ಟಲಿಲ್ಲ, ಬೈಗುಳವೂ ಅಷ್ಟೇ. ಮುಕ್ಕಾಲು ಪಾಲು ಬರಿಯ ಪಾಠ: ಹೀಗೆ ಹಿಡಿ, ಹೀಗೆ ತಿರುಗು, ಹಾಗಲ್ಲ ಹೀಗೆ. ಕೋಚ್ ಎಂದರೆ ಗುಡುಗುವವನೆಂದು ಸಿನಿಮಾ ನೋಡಿ ನಂಬಿದವರಿಗೆ ಇದು ಸೋಜಿಗವೆನಿಸೀತು.

ಈ ಕಥೆಗೆ ಒಂದು ಕಪ್ಪು ಚುಕ್ಕೆಯೂ ಉಂಟು. ಸ್ಯಾಮ್ ಗಿಲ್ಬರ್ಟ್ ಎಂಬ ಶ್ರೀಮಂತ ಗುತ್ತಿಗೆದಾರನು ಆಟಗಾರರಿಗೆ ನಿಯಮಬಾಹಿರವಾಗಿ ನೆರವಾಗುತ್ತಿದ್ದನೆಂಬ ಆಪಾದನೆ ಹೊರಬಿದ್ದು, ವುಡನ್ ನಿವೃತ್ತರಾಗಿ ಆರು ವರ್ಷಗಳ ಮೇಲೆ, 1981ರಲ್ಲಿ, ವಿಶ್ವವಿದ್ಯಾನಿಲಯಕ್ಕೆ ದಂಡನೆಯಾಯಿತು. ದಂಡನೆ ಅವರ ಕಾಲದ ಪ್ರಶಸ್ತಿಗಳನ್ನು ಮುಟ್ಟಲಿಲ್ಲ. ಆದರೂ ಕಾಲುಚೀಲದ ನೆರಿಗೆಯನ್ನು ಕಂಡ ಕಣ್ಣಿಗೆ ಇದು ಕಾಣದೆ ಹೋದದ್ದು ಹೇಗೆಂದು ಕೇಳುವವರಿದ್ದಾರೆ; ಕೇಳುವುದು ನ್ಯಾಯವೇ.

ಯಾರಿಗೂ ಬೇಡವಾದ ಹುಡುಗ

ವುಡನ್ ಅವರಿಗೆ ಚಿನ್ನವೂ ದೊರೆತಿತ್ತು. ಚಿನ್ನವೆಂದು ಯಾರೂ ಗುರುತಿಸದ ಹುಡುಗನ ಕಥೆ ಉತ್ತರ ಕೆರೊಲಿನಾದ ಡೇವಿಡ್‌ಸನ್ ಎಂಬ ಪುಟ್ಟ ಕಾಲೇಜಿನದು. ಅಲ್ಲಿಯ ಕೋಚ್ ಬಾಬ್ ಮೆಕಿಲಪ್, 1989ರಿಂದ ಅಲ್ಲಿಯೇ ಬೇರೂರಿದ್ದವರು. 2006ರಲ್ಲಿ ಅವರಲ್ಲಿಗೆ ಸ್ಟೀಫನ್ ಕರ್ರಿ ಎಂಬ ಸಣಕಲ ಹುಡುಗನು ಬಂದನು. ತಂದೆ ಡೆಲ್ ಕರ್ರಿ ವೃತ್ತಿಪರ ಆಟಗಾರ. ಆದರೂ ತಂದೆ ಓದಿದ ಕಾಲೇಜೇ ಮಗನಿಗೆ ವಿದ್ಯಾರ್ಥಿವೇತನ ಕೊಡಲಿಲ್ಲ. ದೊಡ್ಡ ಕಾಲೇಜುಗಳ ಕಣ್ಣಿಗೆ ಅವನು ಕುಳ್ಳ, ಬಡಕಲು.

ಮೊದಲ ಪಂದ್ಯದಲ್ಲಿ ಹುಡುಗನ ಕೈಯಿಂದ ಹದಿಮೂರು ಬಾರಿ ಚೆಂಡು ಎದುರಾಳಿಗಳ ಪಾಲಾಯಿತು. ಬೇರೆ ಕೋಚ್ ಆಗಿದ್ದರೆ ಬೆಂಚಿಗೆ ಕಳುಹಿಸುತ್ತಿದ್ದನೋ ಏನೋ. ಮೆಕಿಲಪ್ ಅವನನ್ನು ಆಡಲು ಬಿಟ್ಟರು. ಮುಂದಿನ ಪಂದ್ಯದಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಎದುರು 32 ಅಂಕ! 2008ರಲ್ಲಿ ಈ ಪುಟ್ಟ ಕಾಲೇಜು ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಗೊಂಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ತಂಡಗಳನ್ನು ಉರುಳಿಸಿ, ಕಡೆಗೆ ಕ್ಯಾನ್ಸಾಸ್ ತಂಡಕ್ಕೆ ಎರಡೇ ಅಂಕಗಳಿಂದ ಸೋತಿತು. ಇದರ ಕೀರ್ತಿಯೆಲ್ಲ ಕೋಚಿಗೇ ಸಲ್ಲಬೇಕೆಂದಲ್ಲ. ಸೊಂಟದ ಮಟ್ಟದಿಂದ ಚೆಂಡು ಎಸೆಯುತ್ತಿದ್ದ ಮಗನ ಕೈಯನ್ನು ಹೈಸ್ಕೂಲಿನ ಒಂದು ಬೇಸಗೆಯಿಡೀ ತಿದ್ದಿ, ತಲೆಯ ಮೇಲಿಂದ ಎಸೆಯುವಂತೆ ಮಾಡಿದವನು ತಂದೆ. ಆ ಬೇಸಗೆಯಲ್ಲಿ ಹುಡುಗ ಅತ್ತದ್ದೂ ಉಂಟಂತೆ.

ಇಂಥ ತಾಳ್ಮೆಗೆ ಈಗಿನ ಕಾಲ ಅನುಕೂಲವಾಗಿಲ್ಲ. ಮೊದಲು ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಸುಮ್ಮನೆ ಕೂರಬೇಕಾಗಿತ್ತು. 2021ರಲ್ಲಿ ಆ ಕಟ್ಟು ಸಡಿಲವಾಯಿತು. 2024ರಿಂದ ಎಷ್ಟು ಬಾರಿಯಾದರೂ ಬದಲಿಸಬಹುದು. ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಹಣ ಸಂಪಾದಿಸಲು 2021ರಿಂದ ಅನುಮತಿಯಿದೆ. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಕೋಟಿಗಟ್ಟಲೆ ಆದಾಯ ತಂದ ಹುಡುಗರು ಇಷ್ಟು ದಿನ ಬರಿಗೈಯಲ್ಲಿದ್ದುದು ಅನ್ಯಾಯವೇ ಆಗಿತ್ತು. ಆದರೆ ಪುಟ್ಟ ಕಾಲೇಜು ಬೆಳೆಸಿದ ಸಸಿಯನ್ನು ಫಲ ಬಿಡುವ ಹೊತ್ತಿಗೆ ಶ್ರೀಮಂತ ಕಾಲೇಜು ಕಿತ್ತು ತನ್ನ ತೋಟಕ್ಕೆ ಒಯ್ಯುವುದು ಈಗ ವರ್ಷವರ್ಷದ ನೋಟವಾಗಿದೆ. ಬೆಂಚಿನಲ್ಲಿ ಎರಡು ವರ್ಷ ಕಾದು ಕಲಿಯುವ ನೇಟರ್ ಇಂದು ಸಿಕ್ಕಾನೆಯೇ?

ಕರ್ರಿ ಮೂರು ವರ್ಷ ಡೇವಿಡ್‌ಸನ್ನಿನಲ್ಲಿಯೇ ಆಡಿ, 2009ರಲ್ಲಿ ಓದು ಮುಗಿಯುವ ಮೊದಲೇ ವೃತ್ತಿಪರ ತಂಡ ಸೇರಿದನು. ಅವನು ಜಗತ್ಪ್ರಸಿದ್ಧನಾದ ಮೇಲೂ ಅವನ 30ನೆಯ ಅಂಗಿಯನ್ನು ಕಾಲೇಜು ಗೌರವಾರ್ಥವಾಗಿ ತೂಗುಹಾಕಲಿಲ್ಲ. ಪದವಿ ಮುಗಿಸದವರಿಗೆ ಆ ಗೌರವವಿಲ್ಲವೆಂಬುದು ಅಲ್ಲಿಯ ನಿಯಮ. ಹದಿಮೂರು ವರ್ಷಗಳ ಮೇಲೆ ಉಳಿದ ಪಾಠಗಳನ್ನು ಮುಗಿಸಿ, 2022ರ ಆಗಸ್ಟಿನಲ್ಲಿ ಅವರು ಕಪ್ಪು ನಿಲುವಂಗಿ ತೊಟ್ಟು ಪದವಿ ಸ್ವೀಕರಿಸಿದರು. ಅಂದೇ ಅವರ ಅಂಗಿಯೂ ಮೇಲೇರಿತು. ಮೆಕಿಲಪ್ ಅವರು ಅದೇ ಬೇಸಗೆಯಲ್ಲಿ, ಮೂವತ್ತಮೂರು ವರ್ಷಗಳ ಕೆಲಸವನ್ನು ಮುಗಿಸಿ ನಿವೃತ್ತರಾಗಿದ್ದರು.