ಸ್ಕರ್ಟ್ ಕಳಚಿತು, ಓಟ ನಿಲ್ಲಲಿಲ್ಲ

1989ರ ಅಖಿಲ ಐರ್ಲೆಂಡ್ ಕಮೋಗಿ ಫೈನಲ್. ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಕಿಲ್ಕೆನಿ ತಂಡದ ಏಂಜೆಲಾ ಡೌನಿ ಕಾರ್ಕ್ ತಂಡದ ಗೋಲಿನತ್ತ ನುಗ್ಗುತ್ತಿದ್ದರು. ತಡೆಯಲು ಬಂದ ಎದುರಾಳಿಯ ಕೈಗೆ ಸಿಕ್ಕಿದ್ದು ಆಕೆಯ ಸ್ಕರ್ಟ್. ಅದು ಕಳಚಿ ಬಂದರೂ ಡೌನಿ ನಿಲ್ಲಲಿಲ್ಲ; ಗೋಲು ಗಳಿಸಿದ ಮೇಲೆಯೇ ಉಡುಪಿನ ಕಡೆ ಗಮನ ಹರಿಸಿದರು. ಐರಿಷ್ ಕ್ರೀಡಾಲೋಕ ಈ ಪ್ರಸಂಗವನ್ನು ಇಂದಿಗೂ ಮೆಚ್ಚಿ ಸ್ಮರಿಸುತ್ತದೆ.

ಕಮೋಗಿ ಎಂಬುದು ಹರ್ಲಿಂಗ್ ಎಂಬ ಪುರಾತನ ಐರಿಷ್ ಆಟದ ಮಹಿಳಾ ರೂಪ. ಆಶ್ ಮರದ ದಾಂಡಿನಿಂದ ಚರ್ಮದ ಪುಟ್ಟ ಚೆಂಡನ್ನು ನೆಲದಲ್ಲೂ ಗಾಳಿಯಲ್ಲೂ ಹೊಡೆಯುವ ಈ ವೇಗದ ಆಟ ಸಂಘಟಿತ ಸ್ವರೂಪ ಪಡೆದದ್ದು 1904ರಲ್ಲಿ. ಆಟಗಾರ್ತಿಯರಿಗೆ ವೇತನವಿಲ್ಲ. ಶಿಕ್ಷಕಿಯಾಗಿದ್ದ ಡೌನಿ ಕೂಡ ಊರಿನ ಅಭಿಮಾನಕ್ಕಾಗಿ ಆಡಿದವರೇ.

ಅವರ ತಂದೆ ಶೆಮ್ ಡೌನಿ 1947ರಲ್ಲಿ ಹರ್ಲಿಂಗ್ ಪ್ರಶಸ್ತಿ ಗೆದ್ದ ಕಿಲ್ಕೆನಿ ತಂಡದಲ್ಲಿದ್ದವರು. ಏಂಜೆಲಾ ಹದಿನೈದರ ವಯಸ್ಸಿನಲ್ಲೇ, 1972ರಲ್ಲಿ, ಫೈನಲ್ ಆಡಿ ಸೋತರು. ಎರಡು ವರ್ಷಗಳ ನಂತರ ಕಿಲ್ಕೆನಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. 1985ರಿಂದ 1991ರವರೆಗೆ ಸತತ ಏಳು ಬಾರಿ ಪ್ರಶಸ್ತಿ ಆ ಕೌಂಟಿಯದೇ. ಏಂಜೆಲಾ ಮತ್ತು ಅವರ ಅವಳಿ ಸಹೋದರಿ ಆ್ಯನ್ ತಲಾ 12 ಪದಕ ಗಳಿಸಿದರು. ಮುಂದೆ ಆ್ಯನ್ ತರಬೇತಿ ನೀಡಿದ ತಂಡವೇ 2016ರಲ್ಲಿ ಕಿಲ್ಕೆನಿಗೆ ಮತ್ತೆ ಪ್ರಶಸ್ತಿ ತಂದಿತು.

ಇಷ್ಟೆಲ್ಲ ಆದರೂ ಆ ಸ್ಕರ್ಟ್ ಕಡ್ಡಾಯವಾಗಿರಬೇಕೆ ಎಂಬ ಪ್ರಶ್ನೆ ಇತ್ಯರ್ಥವಾಗಲಿಲ್ಲ. ಕಾಲಾನಂತರದಲ್ಲಿ ಅದರೊಳಗೆ ಚಡ್ಡಿ ಸೇರಿ 'ಸ್ಕೋರ್ಟ್' ಆಯಿತಷ್ಟೆ. ಶಾರ್ಟ್ಸ್‌ಗೆ ಅವಕಾಶ ಕೋರಿದ ನಿರ್ಣಯಗಳು 2024ರ ಮಹಾಸಭೆಯಲ್ಲಿ ಬಿದ್ದುಹೋದವು. ನಿಯಮದಂತೆ 2027ರವರೆಗೆ ವಿಷಯ ಮತ್ತೆ ಚರ್ಚೆಗೆ ಬರುವಂತಿರಲಿಲ್ಲ.

2025ರ ಮೇ 3ರಂದು, ಲೆನ್‌ಸ್ಟರ್ ಪ್ರಾಂತ್ಯದ ಸೆಮಿಫೈನಲ್‌ಗೆ ಡಬ್ಲಿನ್ ಮತ್ತು ಡೌನಿಯವರದೇ ಆದ ಕಿಲ್ಕೆನಿ, ಎರಡೂ ತಂಡಗಳು ಶಾರ್ಟ್ಸ್ ತೊಟ್ಟು ಮೈದಾನಕ್ಕಿಳಿದವು. ಉಡುಪು ಬದಲಿಸದಿದ್ದರೆ ಪಂದ್ಯವೇ ಇಲ್ಲ ಎಂದರು ರೆಫರಿ. ಆಟಗಾರ್ತಿಯರು ಬದಲಿಸಿ ಆಡಿದರು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮೇ 22ರಂದು ಕರೆದ ವಿಶೇಷ ಮಹಾಸಭೆಯಲ್ಲಿ ಶೇ 98ರಷ್ಟು ಮತಗಳಿಂದ ಶಾರ್ಟ್ಸ್ ಧರಿಸುವ ಆಯ್ಕೆಗೆ ಒಪ್ಪಿಗೆ ದೊರೆಯಿತು.

ಮೂರು ವರ್ಷ ಕಾಯಬೇಕೆಂದಿದ್ದ ವಿಷಯ ಮೂರೇ ವಾರದಲ್ಲಿ ಬಗೆಹರಿಯಿತು. ಕಡತಗಳ ನಡುವೆ ವೃತ್ತಿಜೀವನ ಕಳೆದ ನನಗೆ ಇದರಲ್ಲಿ ಅಚ್ಚರಿ ಕಾಣುವುದಿಲ್ಲ. ನಿಯಮದ ವೆಚ್ಚವನ್ನು ಒಬ್ಬರು ಭರಿಸಿ, ಅದರ ಭವಿಷ್ಯವನ್ನು ಮತ್ತೊಬ್ಬರು ನಿರ್ಧರಿಸುವಾಗ ತಿದ್ದುಪಡಿಗೆ ಅವಸರ ಹುಟ್ಟುವುದಿಲ್ಲ. ಅನಾನುಕೂಲವನ್ನು ಸಹಿಸಿ ಗೆದ್ದವರನ್ನು ನಾವು ಕೊಂಡಾಡುತ್ತೇವೆ. ಆ ಅನಾನುಕೂಲ ಬೇಕಿತ್ತೇ ಎಂದು ಕೇಳಲು ಮರೆಯುತ್ತೇವೆ. ಡೌನಿಯವರ ಗೋಲು ಶೌರ್ಯದ ಕಥೆಯೇನೋ ಹೌದು. ಆದರೆ ಅಂದೇ ಆ ಸಭೆಯ ಕಾರ್ಯಸೂಚಿಯಲ್ಲಿ ಅದೊಂದು ವಿಷಯವೂ ಆಗಬೇಕಿತ್ತು. ಅದಕ್ಕೆ 36 ವರ್ಷ ಬೇಕಾಯಿತು.