ಇರಾನಿನ ಚಲನಚಿತ್ರರಂಗದ ಇತಿಹಾಸ

ಇರಾನಿನ ಚಲನಚಿತ್ರರಂಗವು ಮುಖ್ಯವಾಗಿ ಪರ್ಷಿಯನ್ (ಫಾರ್ಸಿ) ಭಾಷೆಯಲ್ಲಿ ಬೆಳೆದುಬಂದ ಚಿತ್ರರಂಗವಾಗಿದ್ದು, ಅರಸೊತ್ತಿಗೆ, ಕ್ರಾಂತಿ ಹಾಗೂ ಇಸ್ಲಾಮಿ ಗಣರಾಜ್ಯ ಈ ಮೂರನ್ನೂ ಒಂದೇ ಶತಮಾನದಲ್ಲಿ ಕಂಡಿದೆ. ಪ್ರಭುತ್ವ ಬದಲಾದಂತೆ ಚಿತ್ರಗಳನ್ನು ನಿಷೇಧಿಸುವ ಕಾರಣಗಳೂ ಬದಲಾದವು. ಆದರೆ ಹಣ ಕೊಡುವ ಕೈ ಮತ್ತು ತಡೆಹಿಡಿಯುವ ಕೈ ಹಲವು ಬಾರಿ ಒಂದೇ ಆಗಿತ್ತು.

ಆರಂಭ

1900ರಲ್ಲಿ ಯುರೋಪ್ ಪ್ರವಾಸದಲ್ಲಿದ್ದ ಕಜಾರ್ ದೊರೆ ಮುಜಫ್ಫರುದ್ದೀನ್ ಷಾ ಪ್ಯಾರಿಸ್ಸಿನಲ್ಲಿ ಚಲಿಸುವ ಚಿತ್ರಗಳನ್ನು ಕಂಡು ಬೆರಗಾಗಿ ಕ್ಯಾಮೆರಾ ಕೊಳ್ಳಲು ಆಜ್ಞಾಪಿಸಿದನು. ಆಸ್ಥಾನದ ಛಾಯಾಗ್ರಾಹಕ ಮಿರ್ಜಾ ಇಬ್ರಾಹಿಂ ಖಾನ್ ಅದೇ ವರ್ಷ ಬೆಲ್ಜಿಯಂನ ಒಸ್ಟೆಂಡ್ ನಗರದ ಹೂವಿನ ಉತ್ಸವದಲ್ಲಿ ದೊರೆಯನ್ನು ಚಿತ್ರೀಕರಿಸಿದನು. ಮೊದಲ ಮೂಕಿ ಕಥಾಚಿತ್ರ ‘ಆಬಿ ವ ರಾಬಿ’ ತಯಾರಾದದ್ದು 1930ರಲ್ಲಿ.

ಮೊದಲ ಫಾರ್ಸಿ ವಾಕ್ಚಿತ್ರ ತಯಾರಾದದ್ದು ಇರಾನಿನಲ್ಲಲ್ಲ, ಮುಂಬಯಿಯಲ್ಲಿ. ‘ಆಲಂ ಆರಾ’ ನಿರ್ದೇಶಿಸಿದ ಅರ್ದೇಶಿರ್ ಇರಾನಿಯವರೇ 1933ರಲ್ಲಿ ‘ದುಖ್ತರ್-ಎ-ಲೋರ್’ ಚಿತ್ರವನ್ನು ತಮ್ಮ ಇಂಪೀರಿಯಲ್ ಫಿಲ್ಮ್ ಕಂಪನಿಯಲ್ಲಿ ನಿರ್ಮಿಸಿದರು. ಚಿತ್ರಕಥೆ ಬರೆದು ನಾಯಕನಾಗಿ ನಟಿಸಿದವರು ಅಬ್ದುಲ್ ಹುಸೇನ್ ಸೆಪಂತಾ. ಡಕಾಯಿತರಿಂದ ತಪ್ಪಿಸಿಕೊಂಡು ಮುಂಬಯಿಗೆ ಓಡಿಬರುವ ಪ್ರೇಮಿಗಳು, ಹೊಸ ಆಡಳಿತದಲ್ಲಿ ದೇಶ ಸುಧಾರಿಸಿದೆ ಎಂದು ತಿಳಿದು ತಾಯ್ನಾಡಿಗೆ ಮರಳುವುದು ಇದರ ಮುಕ್ತಾಯ. ರೆಜಾ ಷಾನ ಆಳ್ವಿಕೆಯ ಹೊಗಳಿಕೆ ಇಲ್ಲಿ ಅಡಗಿಲ್ಲ, ಎದ್ದು ಕಾಣುತ್ತದೆ.

‘ಗಾವ್’ ಮತ್ತು ಹೊಸ ಅಲೆ

ಎರಡನೆಯ ಮಹಾಯುದ್ಧದ ನಂತರ ಹಾಡು, ಕುಣಿತ, ಹೊಡೆದಾಟಗಳ ಚಿತ್ರಗಳು ಮಾರುಕಟ್ಟೆಯನ್ನು ಆಳಿದವು. ವಿಮರ್ಶಕರು ಇವನ್ನು ತುಸು ತಿರಸ್ಕಾರದಿಂದಲೇ ‘ಫಿಲ್ಮ್‌ಫಾರ್ಸಿ’ ಎಂದು ಕರೆದರು.

ಈ ಹಾದಿಯಿಂದ ಭಿನ್ನವಾಗಿ ಬಂದ ಚಿತ್ರಗಳಲ್ಲಿ ದಾರಿಯುಷ್ ಮೆಹರ್ಜುಯಿ ನಿರ್ದೇಶನದ ‘ಗಾವ್’ (1969) ಪ್ರಮುಖವಾದುದು. ‘ಗಾವ್’ ಎಂದರೆ ಹಸು. ಬಡ ಹಳ್ಳಿಯೊಂದರ ಹಸನ್ ಊರಿನಲ್ಲಿಲ್ಲದಾಗ ಅವನ ಹಸು ಸಾಯುತ್ತದೆ. ಊರವರು ಅದನ್ನು ಹೂತು, ತಪ್ಪಿಸಿಕೊಂಡು ಹೋಯಿತೆಂದು ಅವನಿಗೆ ಸುಳ್ಳು ಹೇಳುತ್ತಾರೆ. ದುಃಖದಿಂದ ಬುದ್ಧಿ ಕಳೆದುಕೊಂಡ ಹಸನ್ ತಾನೇ ಆ ಹಸುವೆಂದು ನಂಬಿ ಕೊಟ್ಟಿಗೆ ಸೇರುತ್ತಾನೆ. ಚಿತ್ರಕ್ಕೆ ಹಣ ಕೊಟ್ಟದ್ದು ಸರ್ಕಾರದ ಸಂಸ್ಕೃತಿ ಸಚಿವಾಲಯ; ಪ್ರದರ್ಶನವನ್ನು ತಡೆದದ್ದೂ ಸರ್ಕಾರವೇ. ಆಧುನಿಕ ಇರಾನ್ ಎಂಬ ಷಾನ ಘೋಷಣೆಗೆ ಇಂಥ ಬಡತನ ಹೊಂದುತ್ತಿರಲಿಲ್ಲ. ಇದು ನಲವತ್ತು ವರ್ಷಗಳ ಹಿಂದಿನ ಕಥೆ ಎಂಬ ಒಕ್ಕಣೆಯನ್ನು ಚಿತ್ರಕ್ಕೆ ಸೇರಿಸಬೇಕಾಯಿತು. ಮುಂದೆ ಗುಟ್ಟಾಗಿ ದೇಶದಾಚೆ ಸಾಗಿಸಲಾದ ಪ್ರತಿ 1971ರ ವೆನಿಸ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು.

ಕ್ರಾಂತಿ

1978ರ ಆಗಸ್ಟ್ 19ರಂದು ಅಬಾದಾನ್ ನಗರದ ರೆಕ್ಸ್ ಚಿತ್ರಮಂದಿರಕ್ಕೆ ಬೆಂಕಿ ಹಚ್ಚಲಾಯಿತು. ಮಸೂದ್ ಕಿಮಿಯಾಯಿ ಅವರ ‘ಗವಜ್ನ್‌ಹಾ’ ನೋಡುತ್ತಿದ್ದ ನೂರಾರು ಪ್ರೇಕ್ಷಕರು ಒಳಗೇ ಸುಟ್ಟುಹೋದರು. ಸರ್ಕಾರ ಮತ್ತು ವಿರೋಧಿಗಳು ಪರಸ್ಪರ ದೂರಿಕೊಂಡರು. ಜನರ ಕೋಪ ಷಾನ ಮೇಲೆ ತಿರುಗಿತು. ಚಿತ್ರಮಂದಿರಗಳನ್ನು ಪಾಶ್ಚಾತ್ಯ ಅನೀತಿಯ ನೆಲೆಗಳೆಂದು ಭಾವಿಸಿದವರು ಕ್ರಾಂತಿಯ ತಿಂಗಳುಗಳಲ್ಲಿ ಇನ್ನೂ ಅನೇಕವನ್ನು ಸುಟ್ಟರು.

ಆದರೂ 1979ರ ಫೆಬ್ರವರಿಯಲ್ಲಿ ಸ್ವದೇಶಕ್ಕೆ ಮರಳಿದ ಅಯತೊಲ್ಲಾ ಖೊಮೇನಿ, ತಮ್ಮ ವಿರೋಧ ಸಿನಿಮಾಕ್ಕಲ್ಲ, ಅದರ ದುರ್ಬಳಕೆಗೆ ಎಂದು ಸ್ಪಷ್ಟಪಡಿಸಿದರು. ‘ಗಾವ್’ ಚಿತ್ರವನ್ನು ಅವರು ಮೆಚ್ಚಿಕೊಂಡರು. ಷಾನ ಕಾಲದಲ್ಲಿ ಅಪಾಯವೆನಿಸಿದ ಚಿತ್ರವೇ ಹೊಸ ಆಡಳಿತಕ್ಕೆ ಮಾದರಿಯಾಯಿತು.

ಕಟ್ಟುಪಾಡುಗಳ ಕಾಲ

1983ರಲ್ಲಿ ಫಾರಾಬಿ ಸಿನಿಮಾ ಪ್ರತಿಷ್ಠಾನ ಆರಂಭವಾಗಿ ಚಿತ್ರಗಳಿಗೆ ನೆರವು ದೊರೆಯಿತು. ಜೊತೆಯಲ್ಲೇ ಚಿತ್ರಕಥೆ, ಚಿತ್ರೀಕರಣ, ಬಿಡುಗಡೆ ಹೀಗೆ ಪ್ರತಿ ಹಂತಕ್ಕೂ ಸರ್ಕಾರದ ಅನುಮತಿ ಬೇಕಾಯಿತು. ಪರದೆಯ ಮೇಲೆ ಹೆಂಗಸು ತನ್ನ ಮನೆಯೊಳಗೆ, ಗಂಡನ ಮುಂದೆಯೂ ತಲೆಗೂದಲು ಮುಚ್ಚಿರಬೇಕು, ಏಕೆಂದರೆ ನೋಡುವ ಪ್ರೇಕ್ಷಕ ಪರಪುರುಷ. ನಟ ನಟಿಯರು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಹೀಗಾಗಿ ಬಹುಕಾಲದ ನಂತರ ಮರಳಿದ ಮಗನನ್ನು ತಾಯಿ ಅಪ್ಪಿಕೊಳ್ಳುವ ಸಹಜ ದೃಶ್ಯವೂ ಅಸಾಧ್ಯವಾಯಿತು. ಹಲವು ನಿರ್ದೇಶಕರು ಮನೆಯೊಳಗಿನ ಕಥೆ ಬಿಟ್ಟು ಬೀದಿ, ಹೊಲ, ಕಾರು ಮತ್ತು ಮಕ್ಕಳ ಲೋಕಕ್ಕೆ ಬಂದರು. ಅಬ್ಬಾಸ್ ಕಿಯರೊಸ್ತಮಿಯವರ 1987ರ ಪ್ರಸಿದ್ಧ ಚಿತ್ರದಲ್ಲಿ ಬಾಲಕನೊಬ್ಬ ಗೆಳೆಯನ ನೋಟ್‌ಬುಕ್ ಹಿಂದಿರುಗಿಸಲು ಪಕ್ಕದ ಊರಿಗೆ ಓಡುವುದಷ್ಟೇ ಕಥೆ. 1997ರಲ್ಲಿ ಅವರ ‘ಟೇಸ್ಟ್ ಆಫ್ ಚೆರ್ರಿ’ ಕಾನ್ ಉತ್ಸವದ ಪಾಮ್ ದೋರ್ ಪ್ರಶಸ್ತಿಯನ್ನು ಹಂಚಿಕೊಂಡಿತು.

ಇರಾನಿ ಸಿನಿಮಾದ ಕಾವ್ಯಗುಣ ನಿರ್ಬಂಧಗಳ ಕೊಡುಗೆ ಎಂಬ ಮಾತು ವಿಮರ್ಶೆಯಲ್ಲಿ ಆಗಾಗ ಕೇಳಿಬರುತ್ತದೆ. ಇದು ಅರ್ಧಸತ್ಯ. ನಾಯಿಗೆ ಹೆದರಿ ಓಣಿಯಲ್ಲಿ ನಿಂತ ಹುಡುಗನ ಕಿರುಚಿತ್ರವನ್ನು ಕಿಯರೊಸ್ತಮಿ ಮಾಡಿದ್ದು 1970ರಲ್ಲಿ, ಕ್ರಾಂತಿಗೆ ಒಂಬತ್ತು ವರ್ಷ ಮೊದಲು. ಅಲ್ಲದೆ, ಬೆಳಕು ಕಾಣದೆ ಹೋದ ಚಿತ್ರಗಳ ಲೆಕ್ಕ ಆ ಮಾತಿನಲ್ಲಿ ಸೇರುವುದಿಲ್ಲ. ಬಹ್ರಾಮ್ ಬೈಜಾಯಿ ಅವರ ‘ಬಾಶು’ ತಯಾರಾದ ಮೇಲೂ 1989ರವರೆಗೆ ಬಿಡುಗಡೆಗೆ ಕಾಯಬೇಕಾಯಿತು.

ಇತ್ತೀಚಿನ ದಶಕಗಳು

ಅಸ್ಗರ್ ಫರ್ಹಾದಿ ಅವರ ‘ಎ ಸೆಪರೇಷನ್’ 2012ರಲ್ಲಿ ಆಸ್ಕರ್ ಪಡೆಯಿತು. ಅವರಿಗೆ ಎರಡನೆಯ ಆಸ್ಕರ್ ತಂದ ‘ದಿ ಸೇಲ್ಸ್‌ಮನ್’ ಚಿತ್ರದಲ್ಲಿ ಶಿಕ್ಷಕನೊಬ್ಬ ತನ್ನ ವಿದ್ಯಾರ್ಥಿಗಳಿಗೆ ‘ಗಾವ್’ ತೋರಿಸುವ ಸನ್ನಿವೇಶವಿದೆ.

2010ರಲ್ಲಿ ಜಾಫರ್ ಪನಾಹಿ ಅವರಿಗೆ ಆರು ವರ್ಷ ಸೆರೆವಾಸವನ್ನೂ, ಚಿತ್ರ ನಿರ್ಮಿಸದಂತೆ ಇಪ್ಪತ್ತು ವರ್ಷಗಳ ನಿಷೇಧವನ್ನೂ ವಿಧಿಸಲಾಯಿತು. ಅವರು ಮನೆಯಲ್ಲಿಯೇ ‘ದಿಸ್ ಈಸ್ ನಾಟ್ ಎ ಫಿಲ್ಮ್’ (2011), ಬಳಿಕ ಕಾರಿನೊಳಗೆ ಕ್ಯಾಮೆರಾ ಇರಿಸಿ ‘ಟ್ಯಾಕ್ಸಿ’ (2015) ತಯಾರಿಸಿದರು. ಎಂಟು ವರ್ಷಗಳ ಶಿಕ್ಷೆಗೆ ಗುರಿಯಾದ ಮೊಹಮ್ಮದ್ ರಸೂಲೋಫ್ 2024ರಲ್ಲಿ ದೇಶ ತೊರೆದರು. ಅವರ ‘ದಿ ಸೀಡ್ ಆಫ್ ದಿ ಸೇಕ್ರೆಡ್ ಫಿಗ್’ ಜರ್ಮನಿಯ ಪರವಾಗಿ ಆಸ್ಕರ್ ಸ್ಪರ್ಧೆಗೆ ಹೋಯಿತು. ಮರುವರ್ಷ ಪನಾಹಿ ಅನುಮತಿಯಿಲ್ಲದೆ ಇರಾನಿನಲ್ಲೇ ಚಿತ್ರೀಕರಿಸಿದ ‘ಇಟ್ ವಾಸ್ ಜಸ್ಟ್ ಆ್ಯನ್ ಆಕ್ಸಿಡೆಂಟ್’ ಪಾಮ್ ದೋರ್ ಗೆದ್ದಿತು. ಫಾರ್ಸಿ ಭಾಷೆಯ ಈ ಚಿತ್ರವನ್ನು ಆಸ್ಕರ್‌ಗೆ ಕಳುಹಿಸಿದ ದೇಶ ಫ್ರಾನ್ಸ್.